ಚಾರ್ಜರ್ ಹಾಕಿಸುವವರಿಗೆ ಏನು ಸಿಗುತ್ತದೆ, ಏನು ಸಿಗಬೇಕು

(ಮೈಸೂರಿನಲ್ಲಿ ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು, ಲಾಡ್ಜ್ ಮತ್ತು ಹೋಟೆಲ್ ಮಾಲೀಕರ ಮುಂದೆ ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಬಂದಿರುವ ಹೆಚ್ಚಿನವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇದೆ. ಮನೆಯಲ್ಲೋ ಅಂಗಡಿಯಲ್ಲೋ ಇವಿ, ಅಂದರೆ ಎಲೆಕ್ಟ್ರಿಕ್ ವಾಹನದ ಚಾರ್ಜರ್ ಹಾಕಿಸಿದರೆ ಸಬ್ಸಿಡಿ ಎಷ್ಟು ಬರುತ್ತದೆ? ಮೊದಲು ಅದಕ್ಕೇ ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ನಿಮ್ಮ ಸ್ವಂತ ಮನೆಯ ಗೋಡೆಗೆ ಹಾಕಿಸುವ ಚಾರ್ಜರಿಗೆ ಕೇಂದ್ರ ಸರ್ಕಾರ ನಿಮ್ಮ ಖಾತೆಗೆ ದುಡ್ಡು ಹಾಕುವ ಯೋಜನೆ ಇಲ್ಲ. ಇವಿಗಳಿಗೆ ಪ್ರೋತ್ಸಾಹ ಕೊಡಲು 2019ರಲ್ಲಿ ಶುರುವಾದ ಕೇಂದ್ರದ ಫೇಮ್-2 ಯೋಜನೆಯಲ್ಲಿ ಚಾರ್ಜಿಂಗಿಗೆ ಅಂತ 1,000 ಕೋಟಿ ಎತ್ತಿಟ್ಟಿದ್ದರು. ಅದು ಹೋದದ್ದು ಸಾರ್ವಜನಿಕ ಸ್ಟೇಷನ್‌ಗಳಿಗೆ. 2023ರ ಮಾರ್ಚಿನಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 800 ಕೋಟಿ ಮಂಜೂರಾಯಿತು. ಪೆಟ್ರೋಲ್ ಬಂಕ್‌ಗಳಲ್ಲಿ 7,432 ಫಾಸ್ಟ್ ಚಾರ್ಜಿಂಗ್ ಸ್ಟೇಷನ್ ಹಾಕಲಿಕ್ಕೆ. ಅದಾದ ಮೇಲೆ 2024ರ ಅಕ್ಟೋಬರಿನಲ್ಲಿ ಪಿಎಂ ಇ-ಡ್ರೈವ್ ಬಂತು. ಒಟ್ಟು 10,900 ಕೋಟಿಯಲ್ಲಿ 2,000 ಕೋಟಿ ಚಾರ್ಜಿಂಗಿಗೆ. ಅದೂ ಸಾರ್ವಜನಿಕ ಜಾಗಗಳಿಗೇ.

ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ, ದೇಶದಲ್ಲಿ ಮೊದಲು ಇವಿ ನೀತಿ ತಂದದ್ದೇ ಕರ್ನಾಟಕ, 2017ರಲ್ಲಿ. ಅದರಲ್ಲಿ ಚಾರ್ಜಿಂಗಿಗೆ ಇದ್ದ ಸಹಾಯಧನವೂ ಮೊದಲ 100 ಫಾಸ್ಟ್ ಚಾರ್ಜಿಂಗ್ ಸ್ಟೇಷನ್‌ಗಳಿಗೆ. ಯಂತ್ರದ ಬೆಲೆಯ ಶೇ 25, ಹೆಚ್ಚೆಂದರೆ 10 ಲಕ್ಷ. ಮನೆಯವರಿಗೆ ಅದರಲ್ಲಿ ಪಾಲಿರಲಿಲ್ಲ.

ಮನೆಗೆ ನೇರವಾಗಿ ತಾಗುವ ಒಂದು ರಿಯಾಯಿತಿ ಅಂದರೆ ಜಿಎಸ್‌ಟಿ. 2019ರ ಆಗಸ್ಟ್ 1ರಿಂದ ಇವಿ ಚಾರ್ಜರ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ ಬಂದಾಗ ಇದನ್ನು ನೋಡಿಕೊಳ್ಳಿ. ಚಾರ್ಜರ್, ವೈರು, ಎಂಸಿಬಿ (ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್ಚು) ಎಲ್ಲವನ್ನೂ ಒಟ್ಟಿಗೆ ಸೇರಿಸಿ ಶೇ 18 ಹಾಕಿದ ಬಿಲ್‌ಗಳನ್ನು ನಾನು ನೋಡಿದ್ದೇನೆ. ಚಾರ್ಜರನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.

ಆದಾಯ ತೆರಿಗೆಯ 80ಇಇಬಿ ಬಗ್ಗೆ ಕೂಡ ಜನ ಇನ್ನೂ ಕೇಳುತ್ತಿರುತ್ತಾರೆ. ಅದು ಇವಿ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ವಿನಾಯಿತಿ ಕೊಡುವ ಸೆಕ್ಷನ್. 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಅದು ಗಾಡಿಗೆ, ಚಾರ್ಜರಿಗಲ್ಲ.

ಹಾಗಾದರೆ ಎದ್ದು ಹೋಗೋಣವಾ ಅಂದುಕೊಳ್ಳಬೇಡಿ. ಕರ್ನಾಟಕದ ಮನೆಯವರಿಗೆ ದೊಡ್ಡ ಪ್ರೋತ್ಸಾಹ ಇರುವುದು ಚಾರ್ಜರ್ ಕೊಳ್ಳುವ ಕಡೆ ಅಲ್ಲವೇ ಅಲ್ಲ. ಅದು ಮೀಟರ್ ಕಡೆ ಇದೆ. ಹೆಚ್ಚಿನವರು ಅದನ್ನು ಕೇಳಿ ಪಡೆಯುವುದೇ ಇಲ್ಲ.

ಮೊದಲು ಖರ್ಚು ಎಲ್ಲಿ ಆಗುತ್ತದೆ ನೋಡೋಣ. ಕಾರು ತೆಗೆದುಕೊಂಡವರಿಗೆ ಗೊತ್ತು, ಚಾರ್ಜರ್ ಪೆಟ್ಟಿಗೆ ಎಷ್ಟೋ ಸಲ ಕಾರಿನ ಜೊತೆಗೇ ಬರುತ್ತದೆ. 15 ಆಂಪ್ ಪ್ಲಗ್ಗಿಗೆ ಹಾಕುವ ಪೋರ್ಟಬಲ್ ಚಾರ್ಜರ್ ಸಾಮಾನ್ಯವಾಗಿ ಬರುತ್ತದೆ. ದುಡ್ಡು ಬೀಳುವುದು ಅದರ ಹಿಂದೆ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಎಳೆಯುವ ಕೇಬಲ್. ಅದಕ್ಕೆ ಬೇರೆ ಎಂಸಿಬಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು). ಸರಿಯಾದ ಅರ್ತಿಂಗ್. ಮಂಜೂರಾದ ಲೋಡ್ ಸಾಲದಿದ್ದರೆ ಹೆಚ್ಚುವರಿ ಲೋಡಿಗೆ ಅರ್ಜಿ, ಡೆಪಾಸಿಟ್. ಮೀಟರ್ ಬೋರ್ಡು ನೆಲಮಾಳಿಗೆಯ ಒಂದು ಮೂಲೆಯಲ್ಲಿ, ನಿಮ್ಮ ಪಾರ್ಕಿಂಗ್ ಇನ್ನೊಂದು ಮೂಲೆಯಲ್ಲಿ ಇದ್ದರೆ ಕೇಬಲ್ ಖರ್ಚೇ ಚಾರ್ಜರಿನ ಬೆಲೆಯನ್ನು ಮೀರಿಸುತ್ತದೆ.

ಈ ಹಿಂದಿನ ಕೆಲಸವನ್ನು ಉಳಿಸಲಿಕ್ಕೆ ಹೋದರೆ ಏನಾಗುತ್ತದೆ ಅಂತ ಒಂದು ಉದಾಹರಣೆ. ಕಾರಿನ ಚಾರ್ಜಿಂಗ್ ಮಧ್ಯರಾತ್ರಿ ನಿಂತುಹೋಗುತ್ತದೆ ಅಂತ ಒಬ್ಬರು ಕರೆದಿದ್ದರು. ಶೆಡ್ಡಿನ ಗೋಡೆಯಲ್ಲಿ ಒಂದು 16 ಆಂಪ್ ಸಾಕೆಟ್. ಬಿಳಿ ಪ್ಲೇಟು ಹಳದಿ ತಿರುಗಿತ್ತು. ಲೈವ್ ಪಿನ್ ಹೋಗುವ ತೂತು ಉಬ್ಬಿಕೊಂಡು, ಅಂಚು ಕಪ್ಪಾಗಿತ್ತು. ಪ್ಲೇಟು ಬಿಚ್ಚಿದರೆ ಒಳಗೆ ಒಂದೂವರೆ ಎಂಎಂ ವೈರು. ಯಾವತ್ತೋ ಟ್ಯೂಬ್‌ಲೈಟಿಗೆ ಅಂತ ಎಳೆದದ್ದು. ಮೇಲಿನ ಪ್ಲಾಸ್ಟಿಕ್ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಆ ಸಾಕೆಟ್ಟಿನಲ್ಲಿ ಎಂಟೆಂಟು ಗಂಟೆ ಪೂರ್ತಿ ಲೋಡ್ ಹರಿಯುತ್ತಿತ್ತು. ಮಿಕ್ಸಿ ಐದು ನಿಮಿಷ ಓಡುತ್ತದೆ, ಗೀಸರ್ ಅರ್ಧ ಗಂಟೆ ಓಡುತ್ತದೆ. ಕಾರು ಹಾಗಲ್ಲ, ರಾತ್ರಿಯಿಡೀ ಎಳೆಯುತ್ತದೆ. ನಮ್ಮ ಮನೆಗಳ ವೈರಿಂಗಿಗೆ ಆ ಅಭ್ಯಾಸವೇ ಇಲ್ಲ. ನಾಲ್ಕು ಎಂಎಂ ತಾಮ್ರದ ವೈರು, ಮೀಟರಿನಿಂದಲೇ ಬೇರೆ ಲೈನು, 30 ಮಿಲಿಆಂಪ್ ಆರ್‌ಸಿಸಿಬಿ. ಇದರಲ್ಲಿ ಚೌಕಾಸಿ ಬೇಡ. ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಈಗ ಮೀಟರ್ ವಿಷಯಕ್ಕೆ ಬರೋಣ. ಇಲ್ಲಿ ಎಷ್ಟು ಜನರ ಮನೆಯಲ್ಲಿ ಗೃಹಜ್ಯೋತಿ ಇದೆ? ಕೈ ಎತ್ತಿದವರೇ ಜಾಸ್ತಿ ಇದ್ದೀರಿ. ಸರಿ, ಲೆಕ್ಕ ಹಾಕೋಣ.

ನಿಮ್ಮ ಮನೆಯ ಬಳಕೆ ತಿಂಗಳಿಗೆ 110 ಯೂನಿಟ್ ಅಂತಿಟ್ಟುಕೊಳ್ಳಿ. ಬಿಲ್ ಸೊನ್ನೆ. ಈಗ ಒಂದು ಇವಿ ಕಾರು ತಂದಿರಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುತ್ತೀರಿ. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಹಿಡಿದರೆ ಸುಮಾರು 145 ಯೂನಿಟ್ ಬೇಕು. 110ಕ್ಕೆ 145 ಸೇರಿಸಿದರೆ 255. ಗೃಹಜ್ಯೋತಿಯ ಮಿತಿ 200. ಅದನ್ನು ದಾಟಿದರೆ ಮೇಲಿನ 55 ಯೂನಿಟ್ಟಿಗೆ ಮಾತ್ರ ಕಟ್ಟುವುದಲ್ಲ, ಇಡೀ 255 ಯೂನಿಟ್ಟಿನ ಬಿಲ್ ಕಟ್ಟಬೇಕು. ಗೃಹಬಳಕೆಯ ದರ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು. ಅದರ ಮೇಲೆ ನಿಗದಿ ಶುಲ್ಕ, ತೆರಿಗೆ. ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಗುತ್ತದೆ. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ.

ಸ್ಕೂಟರ್ ಇರುವವರು ಗಾಬರಿ ಬೀಳಬೇಡಿ. ಸಾವಿರ ಕಿಲೋಮೀಟರಿಗೆ ಅದು ಕುಡಿಯುವುದು 30–35 ಯೂನಿಟ್. 200ರ ಒಳಗೇ ಉಳಿಯುತ್ತೀರಿ. ನಿಮ್ಮ ಮನೆಗೆ ನಿಗದಿಯಾದ ಉಚಿತ ಮಿತಿಗಿಂತ ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟುತ್ತೀರಿ.

ಕಾರಿನವರಿಗೆ ದಾರಿ ಇದೆ. ನಮ್ಮ ಎಸ್ಕಾಂಗಳ, ಅಂದರೆ ವಿದ್ಯುತ್ ಕಂಪನಿಗಳ, ದರಪಟ್ಟಿಯಲ್ಲಿ ಎಲ್‌ಟಿ-6(ಸಿ) ಅಂತ ಒಂದು ವರ್ಗ ಇದೆ. ಇವಿ ಚಾರ್ಜಿಂಗಿಗೆ ಅಂತಲೇ ಮಾಡಿದ್ದು. ಯೂನಿಟ್ ದರ ನಾಲ್ಕೂವರೆ ರೂಪಾಯಿ ಆಸುಪಾಸು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. ಇವಿ ಚಾರ್ಜಿಂಗಿಗೆ ಬೇರೆ ಸಂಪರ್ಕ ಕೇಳಿದರೆ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಹೊಸ ಸಂಪರ್ಕ ಕೊಡುವ ಗಡುವನ್ನೂ ಇಳಿಸಿದ್ದಾರೆ. ಮಹಾನಗರದಲ್ಲಿ 3 ದಿನ, ಬೇರೆ ಊರು–ಪಟ್ಟಣಗಳಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ. ಹೊಸ ಕಂಬ, ಹೊಸ ಟಿಸಿ (ಟ್ರಾನ್ಸ್‌ಫಾರ್ಮರ್) ಹಾಕಬೇಕಾಗಿ ಬಂದರೆ ಇದು ಅನ್ವಯಿಸುವುದಿಲ್ಲ, ಅದು ಬೇರೆ.

ಹೀಗೆ ಬೇರೆ ಆರ್‌.ಆರ್. ನಂಬರ್, ಅಂದರೆ ಬೇರೆ ಮೀಟರ್ ಸಂಪರ್ಕ, ಮಾಡಿಸಿದರೆ ಮನೆಯ ಮೀಟರ್ 110ರಲ್ಲೇ ನಿಲ್ಲುತ್ತದೆ, ಗೃಹಜ್ಯೋತಿ ಉಳಿಯುತ್ತದೆ. ಕಾರಿನ 145 ಯೂನಿಟ್ಟಿಗೆ ನಿಗದಿ ಶುಲ್ಕ, ತೆರಿಗೆ ಎಲ್ಲ ಸೇರಿ ಸಾವಿರದ ಆಸುಪಾಸು ಬರಬಹುದು. ತಿಂಗಳಿಗೆ ಸಾವಿರ ಉಳಿಯಿತು ಅಂದರೆ ವರ್ಷಕ್ಕೆ 12,000. ಪ್ರತಿ ವರ್ಷ. ಸಬ್ಸಿಡಿ ಒಂದೇ ಸಲ ಬರುತ್ತದೆ, ಇದು ವರ್ಷ ವರ್ಷ ಉಳಿಯುತ್ತದೆ. ದರ ವರ್ಷ ವರ್ಷ ಬದಲಾಗುತ್ತದೆ, ಹಾಗಾಗಿ ಅರ್ಜಿ ಹಾಕುವ ಮುಂಚೆ ಆ ಸಾಲಿನ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆದೇಶ ನೋಡಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಗೃಹಜ್ಯೋತಿ ಇಲ್ಲದವರೂ ಒಂದು ವಿಷಯ ನೆನಪಿಡಿ. ಡೀಲರ್ 7 ಕಿಲೋವ್ಯಾಟ್ ಚಾರ್ಜರ್ ಪುಕ್ಕಟೆ ಕೊಟ್ಟ ಅಂತ 3 ಕಿಲೋವ್ಯಾಟ್ ಇದ್ದ ಮನೆಯ ಲೋಡನ್ನು 10ಕ್ಕೆ ಏರಿಸಿಕೊಳ್ಳುತ್ತಾರೆ. ನಿಗದಿ ಶುಲ್ಕ ಕಿಲೋವ್ಯಾಟಿಗೆ ನೂರರ ಮೇಲಿದೆ. ಏಳು ಕಿಲೋವ್ಯಾಟ್ ಏರಿಸಿದರೆ ತಿಂಗಳಿಗೆ ಏಳುನೂರಕ್ಕಿಂತ ಜಾಸ್ತಿ, ಕಾರು ಓಡಿಸಲಿ ಬಿಡಲಿ. ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ 7 ಕಿಲೋವ್ಯಾಟ್ ಏಕೆ ಬೇಕು? 3.3 ಕಿಲೋವ್ಯಾಟ್ ಚಾರ್ಜರ್ ಎರಡು ಗಂಟೆಯಲ್ಲಿ ಅಷ್ಟನ್ನು ತುಂಬಿಸುತ್ತದೆ.

ಮನೆಯವರಿಗೆ ನೇರ ದುಡ್ಡು ಕೊಟ್ಟ ಸರ್ಕಾರಗಳು ಇಲ್ಲವಾ? ಇವೆ. ದೆಹಲಿಯನ್ನು ನೋಡಿ. 2020ರ ಆಗಸ್ಟಿನ ಇವಿ ನೀತಿಯಲ್ಲಿ ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗಳಿಗೆ ತಲಾ 6,000 ರೂಪಾಯಿವರೆಗೆ ಕೊಡುತ್ತೇವೆ ಅಂದರು. ಮನೆ, ಅಪಾರ್ಟ್‌ಮೆಂಟ್, ಅಂಗಡಿ, ಆಸ್ಪತ್ರೆ ಎಲ್ಲಕ್ಕೂ. ಒಳ್ಳೆಯದು ಅಂದರೆ ದುಡ್ಡಿಗಿಂತ ವ್ಯವಸ್ಥೆ. ವಿದ್ಯುತ್ ಕಂಪನಿಯ ಒಂದೇ ಕಿಟಕಿಯಲ್ಲಿ ಚಾರ್ಜರ್ ಆರಿಸಬಹುದಿತ್ತು, ಸಂಪರ್ಕವನ್ನೂ ಅಲ್ಲೇ ಕೇಳಬಹುದಿತ್ತು. ಸಬ್ಸಿಡಿ ಕಳೆದು ಉಳಿದದ್ದನ್ನು ಮಾತ್ರ ಕಟ್ಟಿದರೆ ಸಾಕಿತ್ತು. ಮೊದಲು ಪೂರ್ತಿ ಕಟ್ಟಿ, ಆಮೇಲೆ ವಾಪಸ್ ಬರುತ್ತದೆ ಅಂತ ಕಾಯುವ ಗೋಳಿರಲಿಲ್ಲ. ನಿಧಾನವಾಗಿ ತುಂಬಿಸುವ ಸಣ್ಣ ಎಸಿ ಚಾರ್ಜರ್ ಎರಡೂವರೆ ಸಾವಿರಕ್ಕೆಲ್ಲ ಸಿಕ್ಕಿತು. ಮಹಾರಾಷ್ಟ್ರ ಕೂಡ 2021ರ ನೀತಿಯಲ್ಲಿ ಮೊದಲ 15,000 ಸ್ಲೋ ಚಾರ್ಜರ್‌ಗಳಿಗೆ ಬೆಲೆಯ ಶೇ 60, ಹೆಚ್ಚೆಂದರೆ 10,000 ರೂಪಾಯಿ ಇಟ್ಟಿತ್ತು.

ಹೊರದೇಶದ ಎರಡು ಅನುಭವ ಹೇಳುತ್ತೇನೆ. ಒಂದರಿಂದ ಏನು ಮಾಡಬಾರದು ಅಂತ ಗೊತ್ತಾಗುತ್ತದೆ, ಇನ್ನೊಂದರಿಂದ ಏನು ಮಾಡಬೇಕು ಅಂತ.

ಜರ್ಮನಿಯಲ್ಲಿ ಕೆಎಫ್‌ಡಬ್ಲ್ಯು ಅಂತ ಸರ್ಕಾರಿ ಬ್ಯಾಂಕ್ ಇದೆ. 2020ರ ನವೆಂಬರಿನಲ್ಲಿ ಅದು ಮನೆಯ ಒಂದು ಚಾರ್ಜಿಂಗ್ ಪಾಯಿಂಟಿಗೆ 900 ಯೂರೋ ಕೊಡಲು ಶುರುಮಾಡಿತು. ಜನ ಮುಗಿಬಿದ್ದರು. ದುಡ್ಡು ಏರಿಸಿ ಏರಿಸಿ 2021ರ ಅಕ್ಟೋಬರಿಗೆ ಖಾಲಿ. 2023ರ ಸೆಪ್ಟೆಂಬರಿನಲ್ಲಿ ಇನ್ನೊಂದು ಯೋಜನೆ. ಚಾವಣಿ ಮೇಲೆ ಸೋಲಾರ್, ಬ್ಯಾಟರಿ, ಚಾರ್ಜರ್ ಮೂರನ್ನೂ ಒಟ್ಟಿಗೆ ಹಾಕಿಸಿದರೆ 10,200 ಯೂರೋವರೆಗೆ ಸಹಾಯ. 300 ಮಿಲಿಯನ್ ಯೂರೋ ಒಂದೇ ದಿನದಲ್ಲಿ ಮುಗಿಯಿತು. ಯಾರಿಗೆ ಸಿಕ್ಕಿತು ಯೋಚಿಸಿ. ಸ್ವಂತ ಮನೆ ಇರಬೇಕು, ಅದರ ಮೇಲೆ ಸ್ವಂತ ಚಾವಣಿ ಇರಬೇಕು. ಇವಿ ಕಾರು ಇರಬೇಕು, ಇಲ್ಲವೇ ಬುಕ್ ಮಾಡಿರಬೇಕು. ಅಂದರೆ ಸಹಾಯ ಇಲ್ಲದೆಯೂ ಹಾಕಿಸಿಕೊಳ್ಳುವ ಶಕ್ತಿ ಇದ್ದವರಿಗೆ. ಬಾಡಿಗೆ ಮನೆಯವರು, ಫ್ಲ್ಯಾಟಿನವರು ಅರ್ಜಿ ಹಾಕುವ ಹಾಗೇ ಇರಲಿಲ್ಲ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ನನಗೆ ಅದು ತುಂಬ ಇಷ್ಟ. ಮೊದಲು ಅಲ್ಲಿಯೂ ಎಲ್ಲರ ಮನೆಗೂ ಕೊಡುತ್ತಿದ್ದರು, ಖರ್ಚಿನ ಮುಕ್ಕಾಲು ಪಾಲು, ಹೆಚ್ಚೆಂದರೆ 350 ಪೌಂಡ್. 2022ರ ಮಾರ್ಚ್ 31ಕ್ಕೆ ಅದನ್ನು ಸ್ವಂತ ಬಿಡಿ ಮನೆ ಇರುವವರಿಗೆ ನಿಲ್ಲಿಸಿಬಿಟ್ಟರು. ಫ್ಲ್ಯಾಟಿನವರಿಗೆ, ಬಾಡಿಗೆಯವರಿಗೆ, ಬಾಡಿಗೆಗೆ ಕೊಡುವ ಮಾಲೀಕರಿಗೆ ಮಾತ್ರ ಮುಂದುವರಿಸಿದರು. ಸ್ವಂತ ಮನೆಯವರು ಹೇಗೂ ಹಾಕಿಸಿಕೊಳ್ಳುತ್ತಾರೆ, ಕಷ್ಟ ಇರುವ ಕಡೆ ದುಡ್ಡು ಹೋಗಲಿ ಅಂತ. ಅದೇ ವರ್ಷ ಜೂನಿನಿಂದ ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ಇರುವ ಹೊಸ ಮನೆಗೆ ಚಾರ್ಜರ್ ಕಡ್ಡಾಯ ಆಯಿತು. ಕಚೇರಿ, ಅಂಗಡಿಗಳಿಗೆ ಬೇರೆ ಯೋಜನೆ ಇತ್ತು, ಆಗ ಒಂದು ಸಾಕೆಟ್ಟಿಗೆ 350 ಪೌಂಡ್‌ವರೆಗೆ, 40 ಸಾಕೆಟ್ ತನಕ.

ಅಮೆರಿಕದ್ದನ್ನೂ ಹೇಳಿಬಿಡುತ್ತೇನೆ. ಯಾಕೆಂದರೆ ನಿಮ್ಮಲ್ಲಿ ಕೆಲವರ ಮಕ್ಕಳು ಅಲ್ಲಿದ್ದಾರೆ, ಕೇಳಿದ್ದೀರಿ ಕೂಡ. ಅಲ್ಲಿ ಅದು ತೆರಿಗೆ ಮೂಲಕ. ಖರ್ಚಿನ ಶೇ 30, ಮನೆಗೆ ಹೆಚ್ಚೆಂದರೆ 1,000 ಡಾಲರ್. ಕಡಿಮೆ ಆದಾಯದ ಇಲ್ಲವೇ ನಗರದ ಹೊರಗಿನ ಪ್ರದೇಶ ಅಂತ ಗುರುತಾದ ಕಡೆ ಮನೆ ಇರಬೇಕು. 2025ರ ಜುಲೈ ಕಾನೂನು ಅದಕ್ಕೆ ಕೊನೆಯ ದಿನ ಹಾಕಿತು. 2026ರ ಜೂನ್ 30ರೊಳಗೆ ಬಳಕೆಗೆ ಬಂದ ಚಾರ್ಜರಿಗೆ ಮಾತ್ರ. ಫಾರ್ಮ್ 8911 ತುಂಬಬೇಕು. ಅಷ್ಟು ಹೇಳಿ ಅವರಿಗೆ.

ಈಗ ಅಪಾರ್ಟ್‌ಮೆಂಟ್. ಇವತ್ತಿನ ಮಾತಿನಲ್ಲಿ ನನಗೆ ಮುಖ್ಯವಾದದ್ದು ಇದೇ.

ಜನರಲ್ ಬಾಡಿ ಮೀಟಿಂಗಿನಲ್ಲಿ ಏನಾಗುತ್ತದೆ ನಿಮಗೇ ಗೊತ್ತು. ಒಬ್ಬರು ಕಾರು ತಂದಿರುತ್ತಾರೆ, ಚಾರ್ಜರ್ ಹಾಕಿಸುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಬೆಂಕಿ ಹೊತ್ತಿಕೊಂಡರೆ ಯಾರು ಹೊಣೆ ಅನ್ನುತ್ತಾರೆ. ಮೂರನೆಯವರು, ನಾಳೆ ನಲವತ್ತು ಮನೆಯವರೂ ಕೇಳಿದರೆ ಟ್ರಾನ್ಸ್‌ಫಾರ್ಮರ್ ತಡೆಯುತ್ತದಾ ಅನ್ನುತ್ತಾರೆ. ಅಲ್ಲಿಗೆ ಮುಂದಿನ ಮೀಟಿಂಗಿಗೆ ನೋಡೋಣ ಅಂತ ಎದ್ದು ಹೋಗುತ್ತಾರೆ. ಕಾರು ತಂದವರು ಮೂರನೇ ಮಹಡಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಡುತ್ತಾರೆ. ಬೆಂಕಿಗೆ ಹೆದರಿ ತಡೆದವರು ಬೆಂಕಿಗೇ ದಾರಿ ಮಾಡಿಕೊಟ್ಟ ಹಾಗಾಯಿತು, ಅಲ್ವಾ?

ಮೂರನೆಯವರ ಪ್ರಶ್ನೆ ಇದೆಯಲ್ಲ, ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಲೆಕ್ಕದಲ್ಲಿ ಉತ್ತರ ಕೊಡಬೇಕು. ನಲವತ್ತು ಮನೆ, ನಲವತ್ತು ಕಾರು, ತಲಾ 7 ಕಿಲೋವ್ಯಾಟ್ ಚಾರ್ಜರ್. ಎಲ್ಲ ಒಟ್ಟಿಗೆ ಹಾಕಿದರೆ 280 ಕಿಲೋವ್ಯಾಟ್. ಯಾವ ಹಳೆಯ ಕಟ್ಟಡದ ಟ್ರಾನ್ಸ್‌ಫಾರ್ಮರೂ ಇದಕ್ಕೆ ಸಿದ್ಧ ಇರುವುದಿಲ್ಲ. ಹೊಸದು ಹಾಕಿಸಿ ಅಂದರೆ ಎಸ್ಟಿಮೇಟ್ ನೋಡಿಯೇ ಎಲ್ಲರೂ ಸುಮ್ಮನಾಗುತ್ತಾರೆ.

ಈಗ ಇನ್ನೊಂದು ಬದಿಯಿಂದ ನೋಡಿ. ಒಂದು ಕಾರು ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ. ಅದಕ್ಕೆ ಬೇಕಾದದ್ದು ಆರು ಯೂನಿಟ್. ನಲವತ್ತು ಕಾರಿಗೆ 240 ಯೂನಿಟ್. ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳರವರೆಗೆ ಹತ್ತು ಗಂಟೆ ಇದೆ. ಹತ್ತು ಗಂಟೆಗೆ ಹಂಚಿದರೆ 24 ಕಿಲೋವ್ಯಾಟ್. 280 ಎಲ್ಲಿ, 24 ಎಲ್ಲಿ! ಕೆಲವರು ಬೆಳಗ್ಗೆ ಬೇಗ ಹೊರಡುತ್ತಾರೆ, ಕೆಲವರು ಊರಿಂದ ಖಾಲಿ ಬ್ಯಾಟರಿಯಲ್ಲಿ ಬಂದಿರುತ್ತಾರೆ. ಅದಕ್ಕೆಲ್ಲ ಸೇರಿಸಿ ಎರಡರಷ್ಟು ಹಿಡಿಯಿರಿ, 50 ಕಿಲೋವ್ಯಾಟ್. ಅಷ್ಟರಲ್ಲಿ ಇಡೀ ಕಟ್ಟಡ ನಡೆಯುತ್ತದೆ. ಒಂದು ಕಂಟ್ರೋಲರ್ ಬೇಕು, ಎಷ್ಟು ಕಾರು ಸಿಕ್ಕಿಸಿದ್ದಾರೆ ನೋಡಿ ಕರೆಂಟ್ ಹಂಚುವುದಕ್ಕೆ. ಲೋಡ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಹೊಸ ಸಂಶೋಧನೆ ಏನಲ್ಲ, ಮಾರುಕಟ್ಟೆಯಲ್ಲಿ ಸಿಗುತ್ತದೆ.

ಇದನ್ನು ಮಾಡಬೇಕಾದರೆ ಮೊದಲೇ ಒಂದು ಮುಖ್ಯ ಕೇಬಲ್, ಒಂದು ಪ್ಯಾನೆಲ್, ಪಾರ್ಕಿಂಗ್ ಉದ್ದಕ್ಕೂ ಕೇಬಲ್ ಟ್ರೇ ಹಾಕಬೇಕು. ಆಮೇಲೆ ಕಾರು ತಂದವರು ತಮ್ಮ ಜಾಗಕ್ಕೆ ಒಂದು ತುಂಡು ಎಳೆದುಕೊಂಡರಾಯಿತು. ತೊಂದರೆ ಇರುವುದು ಇಲ್ಲೇ. ಈ ಮೊದಲ ಖರ್ಚು ಯಾರದ್ದು? ಇವತ್ತು ಕಾರು ಇರುವ ನಾಲ್ಕು ಜನರದ್ದಾ? ಅವರಿಗೆ ಭಾರ. ನಲವತ್ತೂ ಮನೆಯವರದ್ದಾ? ನಮಗೆ ಕಾರೇ ಇಲ್ಲ, ನಾವು ಯಾಕೆ ಕೊಡಬೇಕು ಅನ್ನುತ್ತಾರೆ. ಸರ್ಕಾರದ ದುಡ್ಡು ಬರಬೇಕಾದದ್ದು ಇಲ್ಲಿಗೆ. ಪೆಟ್ಟಿಗೆಗೆ ಆರು ಸಾವಿರ ಕೊಡುವ ಬದಲು, ಒಂದು ಕಟ್ಟಡದ ಈ ಮೊದಲ ಕೇಬಲ್ಲು, ಪ್ಯಾನೆಲ್ಲಿಗೆ ಅರ್ಧ ಕೊಡಲಿ. ಆಮೇಲೆ ಬರುವ ಬಾಡಿಗೆದಾರನಿಗೂ ಅದು ಉಳಿಯುತ್ತದೆ. ಮಾಲೀಕ ಮನೆ ಮಾರಿಹೋದರೂ ಉಳಿಯುತ್ತದೆ.

ಹೊಸ ಕಟ್ಟಡಗಳಿಗೆ ನಿಯಮ ಇದೆ. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ಬೈಲಾಗೆ ತಿದ್ದುಪಡಿ ತಂದು, ಪಾರ್ಕಿಂಗಿನ ಶೇ 20 ಜಾಗ ಇವಿಗೆ ಸಿದ್ಧ ಇರಬೇಕು ಅಂದರು. ಫ್ಲ್ಯಾಟ್ ಬುಕ್ ಮಾಡುವವರು ಬಿಲ್ಡರನ್ನು ಕೇಳಿ. ಬ್ರೋಷರಿನಲ್ಲಿ ಇವಿ ಚಾರ್ಜಿಂಗ್ ಅಂತ ಬರೆದಿರುತ್ತಾರೆ. ಎಷ್ಟು ಕಿಲೋವ್ಯಾಟ್ ಲೋಡ್ ಅದಕ್ಕೆ ಅಂತ ಮಂಜೂರು ಮಾಡಿಸಿದ್ದೀರಿ, ಕೇಬಲ್ ಟ್ರೇ ಎಲ್ಲಿದೆ ತೋರಿಸಿ ಅನ್ನಿ. ಗೋಡೆಗೆ ಒಂದು ಸಾಕೆಟ್ ಹೊಡೆದು ತೋರಿಸಿದರೆ ಒಪ್ಪಬೇಡಿ.

ವ್ಯಾಪಾರದವರು ಬಹಳ ಹೊತ್ತಿನಿಂದ ಕಾಯುತ್ತಿದ್ದೀರಿ. ನಿಮ್ಮ ವಿಷಯ.

ಮೊದಲು ಒಂದು ಧೈರ್ಯದ ಮಾತು. ಚಾರ್ಜಿಂಗ್ ಅಂದರೆ ಕರೆಂಟ್ ಮಾರಾಟ ಅಲ್ಲ, ಸೇವೆ ಅಂತ ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲಿನಲ್ಲೇ ಸ್ಪಷ್ಟ ಮಾಡಿದೆ. ಹಾಗಾಗಿ ಲೈಸೆನ್ಸ್ ಬೇಕಿಲ್ಲ. ಹೋಟೆಲ್ ಮುಂದೆ ಹಾಕಬಹುದು, ದುಡ್ಡು ತೆಗೆದುಕೊಳ್ಳಬಹುದು.

ಅದೇ ಮಾತಿಗೆ ಇನ್ನೊಂದು ಮುಖವೂ ಇದೆ. ಸೇವೆ ಅಂದ ಮೇಲೆ ಜಿಎಸ್‌ಟಿ ಬಂತು. ನಮ್ಮ ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್ ಅರ್ಜಿಯ ಮೇಲೆಯೇ 2023ರಲ್ಲಿ, ಯಾವುದಕ್ಕೆ ಎಷ್ಟು ಜಿಎಸ್‌ಟಿ ಅಂತ ಮುಂಚೆಯೇ ತೀರ್ಮಾನ ಹೇಳುವ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ ಹೇಳಿತು, ಕರೆಂಟಿನ ಬೆಲೆ, ಸೇವಾ ಶುಲ್ಕ ಎರಡೂ ಸೇರಿ ಶೇ 18 ಜಿಎಸ್‌ಟಿ ಅಂತ. ನೀವು ಕೊಳ್ಳುವ ಕರೆಂಟಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಅದರ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ಬರುವುದಿಲ್ಲ. ಚಾರ್ಜರ್, ಕೇಬಲ್ ಮೇಲೆ ಕಟ್ಟಿದ ತೆರಿಗೆಗೆ ಕ್ರೆಡಿಟ್ ತೆಗೆದುಕೊಳ್ಳಬಹುದು, ನಿಮ್ಮ ಆಡಿಟರನ್ನು ಕೇಳಿ. ಆದರೆ ಇದರ ಅರ್ಥ ಏನು ನೋಡಿ. ಸ್ವಂತ ಮನೆಯಲ್ಲಿ ಚಾರ್ಜ್ ಮಾಡುವವರು ಜಿಎಸ್‌ಟಿ ಕಟ್ಟುವುದಿಲ್ಲ. ಪಾರ್ಕಿಂಗ್ ಇಲ್ಲದೆ, ರಸ್ತೆ ಬದಿಯ ಸ್ಟೇಷನ್ನನ್ನೇ ನಂಬಿದ ಆಟೋದವರು, ಡೆಲಿವರಿ ಹುಡುಗರು ಶೇ 18 ಕಟ್ಟುತ್ತಾರೆ. ಒಂದು ಕೈಯಲ್ಲಿ ಸಬ್ಸಿಡಿ ಕೊಟ್ಟು ಇನ್ನೊಂದು ಕೈಯಲ್ಲಿ ಬಡವರಿಂದ ಕಿತ್ತುಕೊಂಡ ಹಾಗೆ. ನನಗೆ ಇದು ಸರಿ ಕಾಣುವುದಿಲ್ಲ.

ಯಾವ ಚಾರ್ಜರ್ ಹಾಕಬೇಕು? ನಿಮ್ಮಲ್ಲಿ ಗಿರಾಕಿ ಎಷ್ಟು ಹೊತ್ತು ಇರುತ್ತಾನೆ ಅನ್ನುವುದರ ಮೇಲೆ ಅದು ನಿಂತಿದೆ. ಲಾಡ್ಜ್, ಹೋಮ್‌ಸ್ಟೇ ಇರುವವರು ದಯವಿಟ್ಟು ಡಿಸಿ ಫಾಸ್ಟ್ ಚಾರ್ಜರಿಗೆ (ಬೇಗ ತುಂಬಿಸುವ ದೊಡ್ಡ ಯಂತ್ರಕ್ಕೆ) ಸಾಲ ಮಾಡಬೇಡಿ. ಗಿರಾಕಿ ರಾತ್ರಿ ಬಂದು ಬೆಳಗ್ಗೆ ಹೋಗುತ್ತಾನೆ. ಬರೀ 3.3 ಕಿಲೋವ್ಯಾಟ್ ಪಾಯಿಂಟ್ ಹತ್ತು ಗಂಟೆಯಲ್ಲಿ 33 ಯೂನಿಟ್ ತುಂಬಿಸುತ್ತದೆ, ಇನ್ನೂರು ಕಿಲೋಮೀಟರಿನ ಮೇಲೆ ಓಡುತ್ತದೆ. ಇಲ್ಲಿಂದ ಬೆಂಗಳೂರಿಗೆ ಹೋಗಿ ಇನ್ನೂ ಮಿಗುತ್ತದೆ. ಅಂಥ ನಾಲ್ಕು ಪಾಯಿಂಟ್ ಹಾಕುವ ಖರ್ಚಿಗೂ ಒಂದು ಡಿಸಿ ಯಂತ್ರದ ಖರ್ಚಿಗೂ ಹೋಲಿಕೆಯೇ ಇಲ್ಲ.

ಹೆದ್ದಾರಿ ಹೋಟೆಲಿನವರಿಗೆ ಡಿಸಿಯೇ ಬೇಕು, ಊಟದ ಹೊತ್ತಿನಲ್ಲಿ ಚಾರ್ಜ್ ಆಗಬೇಕು. ಆದರೆ ಲೆಕ್ಕ ಹಾಕಿ ಇಳಿಯಿರಿ. 60 ಕಿಲೋವ್ಯಾಟ್ ಯಂತ್ರ ದಿನಕ್ಕೆ ಎರಡು ಗಂಟೆ ಓಡಿತು ಅನ್ನಿ, 120 ಯೂನಿಟ್. ಯೂನಿಟ್ಟಿಗೆ ಐದು ರೂಪಾಯಿ ಉಳಿದರೆ ದಿನಕ್ಕೆ 600, ತಿಂಗಳಿಗೆ 18,000. 12 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿಯೇ ತಿಂಗಳಿಗೆ 10,000. ನಿಗದಿ ಶುಲ್ಕ ಬೇರೆ, ರಿಪೇರಿ ಬೇರೆ. ಕೈಗೆ ಏನು ಉಳಿಯಿತು? ಇಲ್ಲಿ ಸಹಾಯಧನ ಬಂದರೆ ಮಾತ್ರ ಬದುಕುತ್ತದೆ.

ಪಿಎಂ ಇ-ಡ್ರೈವ್‌ನಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2025ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ಯಂತ್ರಕ್ಕೆ ಕೊಡುವುದು ಬೇರೆ, ಯಂತ್ರದ ಹಿಂದಿನ ಟ್ರಾನ್ಸ್‌ಫಾರ್ಮರ್, ಕೇಬಲ್‌ಗೆ ಕೊಡುವುದು ಬೇರೆ ಅಂತ ಬಿಡಿಸಿದ್ದಾರೆ. ಎಲ್ಲರಿಗೂ ತೆರೆದಿರುವ ಸರ್ಕಾರಿ ಜಾಗಗಳಿಗೆ ಎರಡಕ್ಕೂ ಶೇ 100. ರೈಲು ನಿಲ್ದಾಣ, ಬಸ್ ನಿಲ್ದಾಣದಂಥ ಕಡೆ ಹಿಂದಿನ ವ್ಯವಸ್ಥೆಗೆ ಶೇ 80, ಯಂತ್ರಕ್ಕೆ ಶೇ 70. ಮಾಲ್, ಮಾರುಕಟ್ಟೆ, ಹೆದ್ದಾರಿ ಬದಿಗೆ ಹಿಂದಿನ ವ್ಯವಸ್ಥೆಗೆ ಶೇ 80. ನೀವು ನೇರ ಅರ್ಜಿ ಹಾಕುವ ಹಾಗಿಲ್ಲ, ಪ್ರಸ್ತಾವ ರಾಜ್ಯದ ನೋಡಲ್ ಏಜೆನ್ಸಿ ಮೂಲಕ ಹೋಗಬೇಕು. ನಮ್ಮಲ್ಲಿ ಚಾರ್ಜಿಂಗಿಗೆ ನೋಡಲ್ ಏಜೆನ್ಸಿ ಬೆಸ್ಕಾಂ. ಬೆಂಗಳೂರಲ್ಲೇ ಎಲ್ಲ ಮುಗಿಯಬಾರದು. 2024ರ ಕೊನೆಗೆ ರಾಜ್ಯದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ ಇದ್ದವು, ದೇಶದಲ್ಲೇ ಜಾಸ್ತಿ. ಅದರಲ್ಲಿ ಬಹುಪಾಲು ಬೆಂಗಳೂರಿನದ್ದು. ಹಾಸನ, ಮಡಿಕೇರಿ, ಚಾಮರಾಜನಗರದ ಕಡೆಯವರು ಗುಂಪಾಗಿ ಕೇಳಬೇಕು.

ಕಾರ್ಖಾನೆ, ಕಚೇರಿಯವರಿಗೆ ಒಂದು ಮಾತು. 2024ರ ಕೇಂದ್ರ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಸ್ಟೇಷನ್‌ಗಳಿಗೆ ಬಿಸಿಲಿನ ಹೊತ್ತು, ಅಂದರೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ, ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು ದರ, ಉಳಿದ ಹೊತ್ತು 1.3 ಪಟ್ಟು ಇರಲಿ ಅಂತ ಹೇಳಿದೆ. ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ರಾಜ್ಯ ನಮ್ಮದು. ಹಗಲು ಕರೆಂಟ್ ಇದೆ, ಹಗಲು ಕಾರೂ ಆಫೀಸಿನ ಪಾರ್ಕಿಂಗಿನಲ್ಲಿ ಸುಮ್ನೆ ನಿಂತಿರುತ್ತದೆ. ಏಳು ಗಂಟೆ, 3.3 ಕಿಲೋವ್ಯಾಟ್, 23 ಯೂನಿಟ್. ನೌಕರನ ಮೂರು ದಿನದ ಓಡಾಟ ಮುಗಿಯಿತು. ಮನೆಯಲ್ಲಿ ಪಾರ್ಕಿಂಗ್ ಇಲ್ಲದ ನೌಕರನಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಬ್ರಿಟನ್ನಿನ ಹಾಗೆ ಸಾಕೆಟ್ಟಿಗೆ ಇಷ್ಟು ಅಂತ ಕೊಟ್ಟರೆ ನಮ್ಮ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಎಷ್ಟೋ ಜನ ಹಾಕಿಸಲಿಕ್ಕೆ ತಯಾರಿದ್ದಾರೆ.

ಇದನ್ನೆಲ್ಲ ಯಾರಿಗೆ ಹೇಳುವುದು ಅಂತ ನೀವು ಕೇಳಬಹುದು. ದರ ನಿಗದಿ ಮಾಡುವ ಮುಂಚೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ಮಾಡುತ್ತದೆ. ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು, ಹೋಗಿ ಮಾತನಾಡಬಹುದು. ರೈತ ಸಂಘದವರು, ಕೈಗಾರಿಕೆಯವರು ತಪ್ಪದೆ ಬರುತ್ತಾರೆ. ಅಪಾರ್ಟ್‌ಮೆಂಟಿನವರೂ ಬನ್ನಿ. ಒಂದು ಹಾಳೆ ಸಾಕು. ನಿಮ್ಮ ಕಟ್ಟಡದ ಮಂಜೂರಾದ ಲೋಡ್ ಎಷ್ಟು, ಎಷ್ಟು ಮನೆ, ಇವತ್ತು ಎಷ್ಟು ಇವಿ, ಬೇರೆ ಇವಿ ಮೀಟರ್ ಕೇಳಿದಾಗ ಸೆಕ್ಷನ್ ಆಫೀಸಿನಲ್ಲಿ ಎಷ್ಟು ದಿನ ಹಿಡಿಯಿತು, ಎಸ್ಟಿಮೇಟ್ ಎಷ್ಟು ಬಂತು ಅಂತ ಬರೆಯಿರಿ. ಕೆಳಗೆ ಎರಡು ಬೇಡಿಕೆ. ಕಟ್ಟಡಕ್ಕೆ ಒಂದೇ ಇವಿ ಸಂಪರ್ಕ ತೆಗೆದುಕೊಂಡು ಒಳಗೆ ಹಂಚಿಕೊಳ್ಳುವ ಸಂಘಕ್ಕೆ ನಿಗದಿ ಶುಲ್ಕದಲ್ಲಿ ರಿಯಾಯಿತಿ ಇರಲಿ. ಮನೆ, ಸಂಘ, ಕಚೇರಿಯ ಇವಿ ಮೀಟರಿಗೂ ಹಗಲು ಹೊತ್ತಿನ ಕಡಿಮೆ ದರ ಸಿಗಲಿ. ಕೇಬಲ್ ಮತ್ತು ಪ್ಯಾನೆಲ್ಲಿನ ಸಹಾಯಧನ ಆಯೋಗದ ಕೈಯಲ್ಲಿಲ್ಲ, ಅದಕ್ಕೆ ಇದೇ ಹಾಳೆಯ ಇನ್ನೊಂದು ಪ್ರತಿಯನ್ನು ಇಂಧನ ಇಲಾಖೆಗೆ ಕಳಿಸಿ.